ರೊಟ್ಟಿಯ ಗಂಟಿಗಿಂತ ಮೊದಲು ಆಧಾರ್ ಕಾರ್ಡ್

ಪ್ರಶ್ನೆ: ನಾವು ಸಿಂಧನೂರು ತಾಲ್ಲೂಕಿನ ಹಳ್ಳಿಯವರು. ನನ್ನ ತಮ್ಮ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುತ್ತಿದ್ದ. ಅಲ್ಲಿ ನಡೆದ ಹೊಡೆದಾಟದಲ್ಲಿ ಒಬ್ಬರ ತಲೆಗೆ ಪೆಟ್ಟು ಬಿದ್ದು, ತಮ್ಮನ ಮೇಲೆ ಕೊಲೆ ಯತ್ನದ ಕೇಸಾಗಿದೆ. ಬಳ್ಳಾರಿ ಕೇಂದ್ರ ಕಾರಾಗೃಹಕ್ಕೆ ಹೋಗಿ ಎರಡು ತಿಂಗಳಾಗುತ್ತಾ ಬಂತು. ಊರಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿದ್ದಾನೆ ಎಂದು ಹೇಳಿದ್ದೇವೆ. ಇದುವರೆಗೂ ಮನೆಯಿಂದ ಯಾರೂ ನೋಡಲು ಹೋಗಿಲ್ಲ, ವಕೀಲರನ್ನೂ ಇಟ್ಟಿಲ್ಲ. ಈಗ ಅವ್ವ ಹೋಗಲೇಬೇಕು ಎಂದು ಹಟ ಹಿಡಿದಿದ್ದಾಳೆ. ಏನೇನು ಒಯ್ಯಬೇಕು? ಅವನ ಐದು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದೇ? ಬಾಗಿಲಲ್ಲಿ ದುಡ್ಡು ಕೊಡದಿದ್ದರೆ ಒಳಗೆ ಬಿಡುವುದಿಲ್ಲ ಎನ್ನುತ್ತಾರೆ, ಎಷ್ಟು ಕೊಡಬೇಕು?

ಉತ್ತರ: ತಂಗೀ, ದುಡ್ಡಿನ ಮಾತನ್ನು ಮೊದಲು ಮುಗಿಸಿಬಿಡೋಣ. ಕೈದಿಯನ್ನು ನೋಡಲು ಬಾಗಿಲಲ್ಲಿ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಯಾರಾದರೂ ಕೇಳಿದರೆ ದನಿ ಏರಿಸದೆ, ರಶೀದಿ ಕೊಡುತ್ತೀರಾ ಎಂದು ಕೇಳಿ. ಅಷ್ಟಾದ ಮೇಲೂ ಪೀಡಿಸುವವರಿದ್ದರೆ ಜೈಲಿನ ಅಧೀಕ್ಷಕರ ಹೆಸರಿಗೆ ಒಂದು ಅರ್ಜಿ ಬರೆದು, ಅದರ ಪ್ರತಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಕೊಡಿ. ಕಾರ್ಯದರ್ಶಿ ಎಂದರೆ ಒಬ್ಬ ನ್ಯಾಯಾಧೀಶರು. ಅವರು ಜೈಲಿಗೆ ಹೋಗಿ ಬರುವವರು, ಕೈದಿಗಳ ದೂರು ಕೇಳುವವರು.

ನೀವು ಹೋಗುತ್ತಿರುವುದು ಯಾರ ಕೃಪೆ ಬೇಡುವುದಕ್ಕೂ ಅಲ್ಲ. 1981ರಲ್ಲಿ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಎಂಬ ಬ್ರಿಟಿಷ್ ಮಹಿಳೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. ತಿಹಾರ್ ಜೈಲಿನಲ್ಲಿದ್ದ ಆಕೆಗೆ ತನ್ನ ಪುಟ್ಟ ಮಗಳನ್ನೂ ತಂಗಿಯನ್ನೂ ನೋಡಲು ತಿಂಗಳಿಗೊಮ್ಮೆ ಮಾತ್ರ ಅವಕಾಶವಿತ್ತು. ಮನೆಯವರನ್ನೂ ವಕೀಲರನ್ನೂ ಕಾಣುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ, ತಿಂಗಳಿಗೊಮ್ಮೆ ಎಂಬ ಕಟ್ಟಳೆ ನಿಲ್ಲುವುದಿಲ್ಲ ಎಂದಿತು ನ್ಯಾಯಾಲಯ. ನಿಮ್ಮ ತಮ್ಮನ ಮೇಲಿರುವುದು ಇನ್ನೂ ಆರೋಪ. ಅವನು ವಿಚಾರಣಾಧೀನ ಬಂದಿ. ಶಿಕ್ಷೆಯಾದವರಿಗೆ ಸಾಮಾನ್ಯವಾಗಿ ಹದಿನೈದು ದಿನಕ್ಕೊಂದು ಸಂದರ್ಶನ ಇದ್ದರೆ, ವಿಚಾರಣಾಧೀನರಿಗೆ ವಾರಕ್ಕೊಂದಾದರೂ ಸಿಗುತ್ತದೆ. ದಿನ ಮತ್ತು ವೇಳೆಯ ಪಟ್ಟಿಯನ್ನು ಜೈಲಿನ ಮುಂದಿನ ಫಲಕದಲ್ಲಿ ಬರೆದಿರುತ್ತಾರೆ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಹೋಗಿ ಬರಿಗೈಯಲ್ಲಿ ಮರಳುವವರು ಬಹಳ. ಹೊರಡುವ ಹಿಂದಿನ ದಿನವೇ ಜೈಲಿನ ಕಚೇರಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ಈಗ ಹೋಗುವ ಬಗೆ. ಬೆಳಗಿನ ಮೊದಲ ಬಸ್ಸು ಹಿಡಿಯಿರಿ, ದಢೇಸೂಗೂರಿನ ಸೇತುವೆ ದಾಟಿ ಸಿರುಗುಪ್ಪದ ಮೇಲೆ ಬಳ್ಳಾರಿ. ಶಕ್ತಿ ಯೋಜನೆ ಇರುವುದರಿಂದ ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ನಿಮಗೂ ಅವ್ವನಿಗೂ ಟಿಕೆಟ್ಟಿನ ಖರ್ಚಿಲ್ಲ. ಬಸ್ಸಿಗೆ ತೋರಿಸುವ ಆ ಆಧಾರ್ ಕಾರ್ಡೇ ಜೈಲಿನ ಬಾಗಿಲಿಗೂ ಬೇಕು. ಮೂಲ ಕಾರ್ಡನ್ನೇ ಒಯ್ಯಿರಿ, ಜೊತೆಗೆ ಎರಡೆರಡು ನೆರಳಚ್ಚು ಇರಲಿ. ಮೊಬೈಲಿನಲ್ಲಿ ಫೋಟೊ ಇದೆ ಎಂದರೆ ಕೆಲಸಕ್ಕೆ ಬಾರದು, ಏಕೆಂದರೆ ಮೊಬೈಲನ್ನು ಹೊರಗೇ ಇಡಬೇಕಾಗುತ್ತದೆ. ಕೌಂಟರಿನಲ್ಲಿ ತಮ್ಮನ ಪೂರ್ತಿ ಹೆಸರು, ತಂದೆಯ ಹೆಸರು, ಯಾವ ಠಾಣೆಯ ಕೇಸು ಎಂಬುದನ್ನು ಹೇಳಬೇಕು. ಒಂದೇ ಹೆಸರಿನವರು ಒಳಗೆ ನಾಲ್ಕಾರು ಮಂದಿ ಇರುತ್ತಾರೆ, ಹಾಗಾಗಿ ತಂದೆಯ ಹೆಸರು ಮರೆಯಬೇಡಿ. ನಿಮ್ಮ ಭಾವಚಿತ್ರ ತೆಗೆದು ಚೀಟಿ ಕೊಡುತ್ತಾರೆ. ಅವನ ಬಂದಿ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಮುಂದೆ ಎಲ್ಲ ಕಾಗದಕ್ಕೂ ಅದು ಬೇಕು. ಒಂದು ಸಲಕ್ಕೆ ಮೂವರಿಗಿಂತ ಹೆಚ್ಚು ಜನರನ್ನು ಬಿಡುವುದು ಅಪರೂಪ, ಆದ್ದರಿಂದ ಸೋದರಮಾವ, ದೊಡ್ಡಪ್ಪ ಎಂದು ಜೀಪು ತುಂಬಿಸಿಕೊಂಡು ಹೋಗಬೇಡಿ. ತಮ್ಮನ ಗೆಳೆಯರಲ್ಲಿ ಅದೇ ಗಲಾಟೆಯ ದಿನ ಅಲ್ಲಿದ್ದವರು ಯಾರಾದರೂ ಇದ್ದರೆ ಅವರನ್ನಂತೂ ಬೇಡವೇ ಬೇಡ.

ಅವ್ವನ ವಿಷಯಕ್ಕೆ ಬರುತ್ತೇನೆ. ಅವರ ಸೊಂಟದಲ್ಲಿ ಎಲೆಯಡಿಕೆಯ ಸಂಚಿ ಇದ್ದೇ ಇರುತ್ತದೆ ಎಂದುಕೊಂಡೇ ಹೇಳುತ್ತಿದ್ದೇನೆ. ನಮ್ಮ ಭಾಗದಲ್ಲಿ ತಪಾಸಣೆಯ ಹೊತ್ತಿಗೆ ಹೆಚ್ಚು ತಕರಾರು ಎಬ್ಬಿಸುವುದು ಆ ಸಂಚಿಯೇ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತು, ಮಡಿಸಿಟ್ಟ ತಂಬಾಕಿನ ಎಸಳು ಒಂದೊಂದಾಗಿ ಮೇಜಿನ ಮೇಲೆ ಬೀಳುತ್ತವೆ. ಅಡಕತ್ತು ಕಬ್ಬಿಣದ ಆಯುಧದ ಲೆಕ್ಕಕ್ಕೆ, ತಂಬಾಕು ನಿಷಿದ್ಧ ವಸ್ತುವಿನ ಲೆಕ್ಕಕ್ಕೆ. ಎಪ್ಪತ್ತರ ಮುದುಕಿ ಅದನ್ನು ಮಗನಿಗೆ ದಾಟಿಸಲು ತಂದಿಲ್ಲ ಎಂದು ಎದುರಿಗಿರುವ ಸಿಬ್ಬಂದಿಗೂ ಗೊತ್ತು, ಆದರೆ ಕ್ಯಾಮೆರಾದ ಮುಂದೆ ಅವರೂ ಬಿಡುವಂತಿಲ್ಲ. ಸಂಚಿಯನ್ನು ಮನೆಯಲ್ಲೇ ಬಿಡಿಸಿ. ನಿಮ್ಮ ಜೊತೆ ಬರುವ ಗಂಡಸರ ಜೇಬಿನಲ್ಲಿ ಗುಟ್ಕಾ, ಬೀಡಿ, ಕಡ್ಡಿಪೆಟ್ಟಿಗೆ ಇದ್ದರೆ ಅದನ್ನು ಬಸ್ ನಿಲ್ದಾಣದಲ್ಲೇ ಖಾಲಿ ಮಾಡಿಸಿ. ಮೊಬೈಲ್ ಅಥವಾ ಸಿಮ್ ಕಾರ್ಡ್ ಒಳಗೆ ಸಾಗಿಸುವುದು ಬೇರೆಯೇ ಅಪರಾಧ, ಕಾಯ್ದೆಗೆ ತಿದ್ದುಪಡಿ ತಂದು ಅದಕ್ಕೆ ಶಿಕ್ಷೆ ಹೆಚ್ಚಿಸಿದ್ದಾರೆ. ಅಣ್ಣನನ್ನು ನೋಡಲು ಹೋದ ತಮ್ಮನೂ ಒಳಗಾದ ಎಂಬ ಸುದ್ದಿ ಪತ್ರಿಕೆಯಲ್ಲಿ ನೀವೂ ಓದಿರಬಹುದು.

ಇನ್ನು ರೊಟ್ಟಿ. ಅವ್ವ ಹಿಂದಿನ ರಾತ್ರಿಯೇ ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಗಂಟು ಕಟ್ಟುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. ವಿಚಾರಣಾಧೀನರು ಹೊರಗಿನ ಊಟ, ಬಟ್ಟೆ, ಹಾಸಿಗೆ ತರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಅದು ಅಧೀಕ್ಷಕರ ಅನುಮತಿಗೆ ಒಳಪಟ್ಟ ಅವಕಾಶ. ಬೇಯಿಸಿದ ಅಡುಗೆಗೆ ಅನುಮತಿ ಸಿಗುವುದು ಕಷ್ಟ. 2024ರ ಆಗಸ್ಟ್‌ನಲ್ಲಿ ಒಬ್ಬ ಚಿತ್ರನಟರನ್ನು ಪರಪ್ಪನ ಅಗ್ರಹಾರದಿಂದ ಬಳ್ಳಾರಿಗೆ ಸ್ಥಳಾಂತರಿಸಿದಾಗ ಊಟದಿಂದ ಹಿಡಿದು ಹಾಸಿಗೆಯವರೆಗೆ ಟಿವಿಗಳಲ್ಲಿ ದಿನವಿಡೀ ಚರ್ಚೆಯಾಗಿದ್ದು ನೆನಪಿರಬೇಕು. ರೊಟ್ಟಿಯನ್ನು ಒಯ್ಯಿರಿ, ಕೇಳಿ ನೋಡಿ, ಬೇಡವೆಂದರೆ ಜಗಳ ತೆಗೆಯದೆ ಹೊರಗಿನ ಮರದ ಕೆಳಗೆ ಕುಳಿತು ನೀವೇ ಉಣ್ಣಿರಿ. ಬಳ್ಳಾರಿಯ ಬಿಸಿಲಲ್ಲಿ ಸರದಿ ಕಾಯುವಾಗ ಹೇಗೂ ಹಸಿವಾಗುತ್ತದೆ. ಬಟ್ಟೆಗೆ ತೊಂದರೆಯಿಲ್ಲ, ವಿಚಾರಣಾಧೀನರು ತಮ್ಮದೇ ಬಟ್ಟೆ ತೊಡುತ್ತಾರೆ. ಎರಡು ಜೊತೆ ಅಂಗಿ, ಲುಂಗಿ, ಒಳಬಟ್ಟೆ, ಟವೆಲ್, ಒಂದು ಹೊದಿಕೆ ಸಾಕು. ಅವನಿಗೆ ಬಿ.ಪಿ., ಫಿಟ್ಸ್ ಅಂಥ ಕಾಯಿಲೆಯಿದ್ದರೆ ಮಾತ್ರೆಯನ್ನು ಕೈಗೆ ಕೊಡಲು ಹೋಗಬೇಡಿ. ವೈದ್ಯರ ಚೀಟಿಯ ಜೊತೆ ಕಚೇರಿಗೆ ಕೊಟ್ಟು, ಜೈಲಿನ ವೈದ್ಯರಿಗೆ ತಲುಪಿಸಲು ಕೇಳಿ.

ಖರ್ಚಿಗೆ ದುಡ್ಡು ಕೊಡಬೇಕೆನಿಸಿದರೆ ಅದಕ್ಕೆ ದಾರಿ ಒಂದೇ. ಕೈದಿಯ ಹೆಸರಿನಲ್ಲಿ ಜೈಲಿನಲ್ಲೇ ಒಂದು ಖಾತೆ ಇರುತ್ತದೆ, ಪಿಪಿಸಿ ಎನ್ನುತ್ತಾರೆ. ಕಚೇರಿಯಲ್ಲಿ ಕಟ್ಟಿದರೆ ಅದಕ್ಕೆ ಜಮೆಯಾಗುತ್ತದೆ. ಆ ಹಣದಲ್ಲಿ ಅವನು ಒಳಗಿನ ಕ್ಯಾಂಟೀನಿನಿಂದ ಸಾಬೂನು, ಬಿಸ್ಕತ್ತು ಕೊಳ್ಳುತ್ತಾನೆ. ಮಿತಿ ಇದೆ, ಕೌಂಟರಿನಲ್ಲೇ ಹೇಳುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದು, ನಿಮ್ಮ ಹುಡುಗ ಒಳಗೆ ಚೆನ್ನಾಗಿರಬೇಕಾದರೆ ಈ ನಂಬರಿಗೆ ಇಷ್ಟು ಫೋನ್‌ಪೇ ಮಾಡಿ ಎನ್ನಬಹುದು. ಮಾಡಬೇಡಿ. ಒಮ್ಮೆ ಕೊಟ್ಟರೆ ಆ ಹರಿಗೋಲು ದಡ ಸೇರುವುದಿಲ್ಲ. ನಂಬರು, ದಿನ, ಹೊತ್ತು ಬರೆದಿಟ್ಟುಕೊಂಡು ನಾನು ಮೇಲೆ ಹೇಳಿದ ಕಾರ್ಯದರ್ಶಿಗೆ ಕೊಡಿ. ತಮ್ಮನ ಹೆಸರು ಹೇಳಿ ದೂರು ಕೊಟ್ಟರೆ ಅವನಿಗೆ ತೊಂದರೆಯಾದೀತು ಎಂಬ ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಹೊರಗೆ ಕೇಳುವವರು ಇದ್ದಾರೆ ಎಂದು ಗೊತ್ತಾದ ಕೈದಿಯ ತಂಟೆಗೆ ಹೋಗುವವರು ಕಡಿಮೆಯಾಗುತ್ತಾರೆಯೇ ಹೊರತು ಹೆಚ್ಚಾಗುವುದಿಲ್ಲ.

ಇಷ್ಟೆಲ್ಲ ಮುಗಿಸಿ ಸಂದರ್ಶನದ ಜಾಗಕ್ಕೆ ಬಂದಾಗ ಅವ್ವನಿಗೆ ಆಘಾತವಾಗುವುದು ಗದ್ದಲದಿಂದ. ನಡುವೆ ಜಾಲರಿಯೋ ಗಾಜೋ ಇರುತ್ತದೆ, ಮಗನನ್ನು ಮುಟ್ಟಲು ಆಗುವುದಿಲ್ಲ. ಅಕ್ಕಪಕ್ಕದಲ್ಲಿ ಇನ್ನೂ ಹತ್ತು ಮನೆಯವರು ಒಟ್ಟಿಗೇ ಕೂಗಿ ಮಾತಾಡುತ್ತಿರುತ್ತಾರೆ. ಇದನ್ನು ಮನೆಯಲ್ಲೇ ಅವರಿಗೆ ಹೇಳಿ ಕರೆತನ್ನಿ. ಸಿಗುವ ಹೊತ್ತು ನಿಮಿಷಗಳ ಲೆಕ್ಕದ್ದು. ಮೊದಲ ಐದು ನಿಮಿಷ ಅಳುವಿಗೆ ಹೋಗುತ್ತದೆ, ಹೋಗಲಿ. ಉಳಿದದ್ದನ್ನು ನೀವು ಕಾಯ್ದುಕೊಳ್ಳಬೇಕು. ಒಂದು ಚೀಟಿಯಲ್ಲಿ ಕೇಳಬೇಕಾದ್ದನ್ನು ಬರೆದುಕೊಂಡು ಹೋಗಿ: ನಿನ್ನನ್ನು ಹಿಡಿದದ್ದು ಯಾವ ದಿನ, ಮ್ಯಾಜಿಸ್ಟ್ರೇಟರ ಮುಂದೆ ಮೊದಲು ನಿಲ್ಲಿಸಿದ್ದು ಯಾವ ದಿನ, ಮುಂದಿನ ತಾರೀಕು ಯಾವುದು, ಸರ್ಕಾರಿ ವಕೀಲರೆಂದು ಯಾರಾದರೂ ಬಂದು ಸಹಿ ಹಾಕಿಸಿಕೊಂಡರೇ, ಪೊಲೀಸರು ಕೊಟ್ಟ ಕಾಗದ ನಿನ್ನ ಬಳಿ ಇದೆಯೇ, ಮೈಮೇಲೆ ಗಾಯ ಅಥವಾ ಕಾಯಿಲೆ ಇದೆಯೇ.

ಕೇಳಬಾರದ್ದು ಒಂದಿದೆ, ಆ ದಿನ ಗಿರಣಿಯಲ್ಲಿ ನಿಜವಾಗಿ ನಡೆದದ್ದೇನು ಎಂಬುದು. ಮನೆಯವರ ಸಂದರ್ಶನ ಸಿಬ್ಬಂದಿಯ ಕಣ್ಣಿಗೂ ಕಿವಿಗೂ ಬೀಳುವಂತೆ ನಡೆಯುತ್ತದೆ. ವಕೀಲರ ಭೇಟಿ ಹಾಗಲ್ಲ, ಸಿಬ್ಬಂದಿಗೆ ಕಾಣಬೇಕು ಅಷ್ಟೇ, ಕೇಳಬಾರದು. ಕೇಸಿನ ಮಾತು ಅಲ್ಲಿಗೆ ಇರಲಿ. ಇಂಥವನಿಗೆ ಹೀಗೆ ಹೇಳು, ಅವನು ಸಾಕ್ಷಿ ಹೇಳದಂತೆ ನೋಡಿಕೋ ಎಂದು ತಮ್ಮ ಹೇಳಿ ಕಳುಹಿಸಿದರೆ ಆ ಮಾತನ್ನು ಜಾಲರಿಯ ಆಚೆಯೇ ಬಿಟ್ಟು ಬನ್ನಿ. ಸಾಕ್ಷಿಗಳನ್ನು ಬೆದರಿಸುತ್ತಾನೆ ಎಂಬ ಒಂದು ಸಾಲು ಸಾಕು, ಜಾಮೀನು ಅರ್ಜಿ ಬಿದ್ದುಹೋಗಲು.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ಎರಡು ತಿಂಗಳಾಗುತ್ತಾ ಬಂತು ಎಂಬುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನ ಪ್ರಕಾರ ಪೊಲೀಸರು ಗೊತ್ತಾದ ಅವಧಿಯೊಳಗೆ ದೋಷಾರೋಪ ಪಟ್ಟಿ ಹಾಕದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿಯೇ ಸಿಗಬೇಕು, ಕೇಸು ಎಷ್ಟು ಗಟ್ಟಿ ಎಂದು ಆಗ ನೋಡುವಂತಿಲ್ಲ. ಸಾಮಾನ್ಯ ಅಪರಾಧಗಳಿಗೆ ಆ ಅವಧಿ 60 ದಿನ. ಮರಣದಂಡನೆ, ಜೀವಾವಧಿ, ಅಥವಾ ಹತ್ತು ವರ್ಷ ಇಲ್ಲವೇ ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನ. ಕೊಲೆ ಯತ್ನದಲ್ಲಿ ಎದುರಾಳಿಗೆ ಗಾಯವಾಗಿದ್ದರೆ ಜೀವಾವಧಿಯವರೆಗೆ ಶಿಕ್ಷೆ ಇರುವುದರಿಂದ ನಿಮ್ಮ ತಮ್ಮನ ಲೆಕ್ಕ 90ರದ್ದು. ಎಣಿಕೆ ಬಂಧನದ ದಿನದಿಂದಲ್ಲ, ಮೊದಲ ಸಲ ನ್ಯಾಯಾಂಗದ ಮುಂದೆ ನಿಲ್ಲಿಸಿ ಕಸ್ಟಡಿಗೆ ಒಪ್ಪಿಸಿದ ದಿನದಿಂದ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ಆ ತಾರೀಕನ್ನು ಅವನ ಬಾಯಿಂದ ಕೇಳಿ ಬರೆದುಕೊಳ್ಳಿ ಎಂದದ್ದು. 90 ದಿನ ಮುಗಿದರೂ ಪಟ್ಟಿ ಬಂದಿಲ್ಲವೆಂದರೆ ಕೂಡಲೇ ಅರ್ಜಿ ಬೀಳಬೇಕು. ಅರ್ಜಿ ಹಾಕುವಷ್ಟರಲ್ಲಿ ಪೊಲೀಸರು ಪಟ್ಟಿ ಸಲ್ಲಿಸಿಬಿಟ್ಟರೆ ಆ ಹಕ್ಕು ಕೈತಪ್ಪುತ್ತದೆ. ಕೇಳುವವರಿಲ್ಲದ ಕೈದಿಗಳು ಈ ಒಂದು ದಿನವನ್ನು ಕಳೆದುಕೊಂಡು ತಿಂಗಳುಗಟ್ಟಲೆ ಉಳಿಯುವುದನ್ನು ನಾನು ಕಾಣುತ್ತಲೇ ಇದ್ದೇನೆ. ಅದಕ್ಕಾಗಿ ಕಾಯುತ್ತ ಕೂರಬೇಕೆಂದೇನೂ ಇಲ್ಲ, ಬಳ್ಳಾರಿಯ ಸೆಷನ್ಸ್ ನ್ಯಾಯಾಲಯದಲ್ಲಿ ಸಾಮಾನ್ಯ ಜಾಮೀನಿಗೆ ಈಗಲೇ ಅರ್ಜಿ ಹಾಕಬಹುದು. ಅಲ್ಲಿ ಆಗದಿದ್ದರೆ ಹೈಕೋರ್ಟಿನ ಧಾರವಾಡ ಪೀಠ. ನೀವು ರಾಯಚೂರು ಜಿಲ್ಲೆಯವರೆಂದು ಯಾರಾದರೂ ಕಲಬುರಗಿಯ ದಾರಿ ತೋರಿಸಿದರೆ ನಂಬಬೇಡಿ, ಕೇಸು ಎಲ್ಲಿಯದೋ ಪೀಠವೂ ಅಲ್ಲಿಯದೇ.

ಇನ್ನೊಂದು ವಿಷಯ ನಿಮಗೆ ಹಿತವಾಗಲಿಕ್ಕಿಲ್ಲ. ಬೆಂಗಳೂರಿಗೆ ದುಡಿಯಲು ಹೋಗಿದ್ದಾನೆ ಎಂಬ ಮಾತು. ನಮ್ಮ ಕಡೆ ಪ್ರತಿ ಓಣಿಯಿಂದಲೂ ಗುಳೆ ಹೋಗುವವರಿರುವುದರಿಂದ ಆ ಸುಳ್ಳು ಸಲೀಸಾಗಿ ನಡೆಯುತ್ತದೆ. ಆದರೆ ನಾಳೆ ಜಾಮೀನು ಮಂಜೂರಾದಾಗ ಜಾಮೀನುದಾರರು ಬೇಕು, ಅವರು ಪಹಣಿ, ಆಧಾರ್ ಹಿಡಿದು ನ್ಯಾಯಾಲಯಕ್ಕೆ ಬಂದು ಸಹಿ ಮಾಡಬೇಕು. ಹೊಲ ಇರುವ ಒಬ್ಬ ನೆಂಟರನ್ನು ಆ ದಿನ ಹಿಡಿದು ತಂದು, ಬೆಂಗಳೂರಲ್ಲ ಬಳ್ಳಾರಿ ಎಂದು ಹೇಳುವುದಕ್ಕಿಂತ ಈಗಲೇ ನಂಬಿಕೆಯ ಒಬ್ಬಿಬ್ಬರಿಗೆ ನಿಜ ಹೇಳಿಡಿ. ಊರಿಗೆಲ್ಲ ಡಂಗುರ ಸಾರಬೇಕಾಗಿಲ್ಲ. ಜೈಲೆಂದರೆ ಮಾನ ಹೋಯಿತು ಎನ್ನುವವರಿಗೆ ಬಳ್ಳಾರಿಯ ಹಳಬರು ಬೇರೆ ಕಥೆ ಹೇಳಿಯಾರು. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಇಲ್ಲಿನ ಅಲ್ಲೀಪುರ ಜೈಲಿಗೆ ಸತ್ಯಾಗ್ರಹಿಗಳನ್ನು ತಂದು ತುಂಬುತ್ತಿದ್ದರು. ನಿಮ್ಮ ತಮ್ಮ ಸತ್ಯಾಗ್ರಹಿಯಲ್ಲ ಎಂಬುದು ನನಗೂ ಗೊತ್ತು, ಅಪರಾಧಿ ಎಂದೂ ಇನ್ನೂ ಯಾರೂ ತೀರ್ಮಾನಿಸಿಲ್ಲ.

ಜಾಮೀನುದಾರರ ಹೊಲ ಸಿಂಧನೂರಿನಲ್ಲಿದೆ, ಕೇಸು ಬಳ್ಳಾರಿಯಲ್ಲಿದೆ ಎಂದು ತಕರಾರು ಬರಬಹುದು. 1978ರ ಮೋತಿರಾಮ್ ಪ್ರಕರಣ ನಿಮ್ಮದರ ಹಾಗೆಯೇ ಇದೆ. ಮಧ್ಯಪ್ರದೇಶದ ಬಡ ಗೌಂಡಿಯೊಬ್ಬನಿಗೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರದ ಜಾಮೀನು ಕೇಳಿ, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದ್ದರು. ಕನ್ನಡಿಗನೋ ಮಲಯಾಳಿಯೋ ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಅವನಿಗೆ ಆಸ್ತಿವಂತ ಜಾಮೀನುದಾರ ಎಲ್ಲಿಂದ ಬರಬೇಕು ಎಂಬ ಅರ್ಥದ ಪ್ರಶ್ನೆಯನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಎತ್ತಿ, ಒಂದು ಸಾವಿರದ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿದೆ. ಜಾಮೀನು ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲಿಗೆ ತಲುಪಬೇಕು. ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನು ಒದಗಿಸಲು ಆಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ದುಡ್ಡಿಲ್ಲದೆ ಒಳಗೇ ಉಳಿದ ಬಡ ಕೈದಿಗಳಿಗೆ ಕೇಂದ್ರ ಸರ್ಕಾರದ ನೆರವಿನ ಯೋಜನೆಯೂ 2023ರಲ್ಲಿ ಬಂದಿದೆ. ಇವೆಲ್ಲ ಕಾಗದದ ಮೇಲಿವೆ. ಅವನ್ನು ನೆನಪಿಸಲು ಹೊರಗೊಬ್ಬರು ಬೇಕು.

ಮಗುವಿನ ಪ್ರಶ್ನೆ. ಕರೆದುಕೊಂಡು ಹೋಗಬಹುದು, ಅದರ ಆಧಾರ್ ಅಥವಾ ಜನನ ಪ್ರಮಾಣಪತ್ರ ಜೊತೆಗಿರಲಿ. ಆದರೆ ಮೊದಲ ಸಲಕ್ಕೇ ಬೇಡ ಎಂಬುದು ನನ್ನ ಅಭಿಪ್ರಾಯ. ಅವ್ವನ ಅಳು, ಆ ಗದ್ದಲ, ಜಾಲರಿಯ ಆಚೆ ಗಡ್ಡ ಬಿಟ್ಟ ಅಪ್ಪ, ಎಲ್ಲ ಒಟ್ಟಿಗೆ ಅದರ ಮೇಲೆ ಬೀಳುವುದು ಬೇಡ. ಮೊದಲು ನೀವು ಹೋಗಿ ಬನ್ನಿ, ಮಗಳನ್ನು ಕರೆತರಲೇ ಎಂದು ಅವನನ್ನೇ ಕೇಳಿ. ಬೇಡವೇ ಬೇಡ ಎನ್ನುವ ಅಪ್ಪಂದಿರಿದ್ದಾರೆ, ಆ ಮಾತಿಗೂ ಬೆಲೆ ಕೊಡಬೇಕು. ಕರೆದೊಯ್ಯುವುದಾದರೆ ಆಸ್ಪತ್ರೆ, ಕಚೇರಿ ಎಂದು ಸುಳ್ಳು ಹೇಳಬೇಡಿ. ಒಂದು ಜಗಳವಾಗಿದೆ, ಯಾರದು ತಪ್ಪು ಎಂದು ನ್ಯಾಯಾಧೀಶರು ನೋಡುತ್ತಿದ್ದಾರೆ, ಅಲ್ಲಿಯವರೆಗೆ ಅಪ್ಪ ಇಲ್ಲಿರಬೇಕು ಎಂದರೆ ಐದು ವರ್ಷದ ಮಗುವಿಗೆ ಅರ್ಥವಾಗುತ್ತದೆ.

ಪ್ರತಿ ವಾರ ಸಿಂಧನೂರಿನಿಂದ ಬರುವುದು ಕೂಲಿ ಬಿಟ್ಟು ಬರುವ ಕೆಲಸ. ಹಿಂದೆ ತಾರೀಕಿನ ದಿನ ಕೋರ್ಟಿನ ಅಂಗಳದಲ್ಲಿ ಮನೆಯವರು ಕಾದು ನಿಂತು ದೂರದಿಂದಲಾದರೂ ನೋಡುತ್ತಿದ್ದರು. ಈಗ ಹೆಚ್ಚಿನ ಹಾಜರಾತಿ ಜೈಲಿನಿಂದಲೇ ವಿಡಿಯೊ ಮೂಲಕ ಮುಗಿಯುವುದರಿಂದ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಬದಲಿಗೆ ಇ-ಮುಲಾಕಾತ್ ಇದೆ. ರಾಷ್ಟ್ರೀಯ ಕಾರಾಗೃಹ ಮಾಹಿತಿ ಜಾಲತಾಣದಲ್ಲಿ ನಿಮ್ಮ ಮತ್ತು ಅವನ ವಿವರ ತುಂಬಿ, ನೇರ ಭೇಟಿಯೋ ವಿಡಿಯೊ ಭೇಟಿಯೋ ಎಂದು ಆರಿಸಿ ಕೋರಿಕೆ ಸಲ್ಲಿಸಿದರೆ, ಜೈಲು ಒಪ್ಪಿದ ವೇಳೆಗೆ ಮೊಬೈಲಿನಲ್ಲೇ ಮಾತಾಡಬಹುದು. ಊರಿನ ಓದಿದ ಹುಡುಗರಿಂದ ತುಂಬಿಸಿಕೊಳ್ಳಿ. ಜೈಲಿನ ಒಳಗಿನ ದೂರವಾಣಿಯಿಂದ ಅವನು ಕರೆ ಮಾಡಲು ನಿಮ್ಮ ನಂಬರನ್ನು ಮೊದಲೇ ನೋಂದಾಯಿಸಬೇಕಾಗುತ್ತದೆ, ಮೊದಲ ಭೇಟಿಯಲ್ಲೇ ಅದನ್ನೂ ವಿಚಾರಿಸಿ.

ವಕೀಲರ ಮಾತು ಉಳಿಯಿತು. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟಿದ್ದರೂ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ವಕೀಲರು ಉಚಿತ. 15100 ಸಂಖ್ಯೆಗೆ ಮನೆಯಿಂದಲೇ ಕರೆ ಮಾಡಬಹುದು. ಅದಕ್ಕಿಂತ ಒಳ್ಳೆಯದು, ಸಂದರ್ಶನ ಮುಗಿದ ಮೇಲೆ ನೇರ ಬಸ್ ನಿಲ್ದಾಣಕ್ಕೆ ಹೋಗದೆ, ತಮ್ಮ ಹೇಳಿದ ತಾರೀಕುಗಳ ಆ ಚೀಟಿಯನ್ನು ಹಿಡಿದು ಬಳ್ಳಾರಿಯ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಎಲ್ಲಿ ಎಂದು ಕೇಳಿ. ಒಂದು ಪುಟದ ಅರ್ಜಿ ಅಲ್ಲೇ ಬರೆಸಿಕೊಳ್ಳುತ್ತಾರೆ. ಕಚೇರಿ ಮುಚ್ಚುವ ಮೊದಲು ತಲುಪಬೇಕು, ಆದ್ದರಿಂದ ಜೈಲಿನಲ್ಲಿ ಬೆಳಗಿನ ಸರದಿಯಲ್ಲೇ ಹೆಸರು ಬರೆಸಿ.